ಸೀಲು ಓದದೆ ಮೇಲೇಳಬೇಡಿ



ದನದ ಜಾತ್ರೆಗೆ ಹೋದಾಗ ನೀವು ಎತ್ತಿನ ಬಾಯಿ ಅಗಲಿಸಿ ಹಲ್ಲು ನೋಡುತ್ತೀರಿ. ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ದಲ್ಲಾಳಿ ಎಷ್ಟೇ ಬಾಯಿ ಬಡಿದುಕೊಂಡರೂ ನಿಮ್ಮ ಕಣ್ಣಿಗೆ ಒಪ್ಪದೆ ಟವಲ್ಲಿನ ಕೆಳಗೆ ಕೈ ಕೊಡುವುದಿಲ್ಲ. ಬಿತ್ತನೆ ಬೀಜ ತಂದರೆ ಚೀಲದ ಮೇಲಿನ ಲಾಟ್ ನಂಬರು ನೋಡುತ್ತೀರಿ, ತಾರೀಖು ನೋಡುತ್ತೀರಿ. ಒಂದು ಸಲ ಮೋಸ ಹೋದವರಂತೂ ಬಿಲ್ಲನ್ನು ಗೋಡೆಯ ಮೊಳೆಗೆ ಚುಚ್ಚಿ ಇಟ್ಟಿರುತ್ತೀರಿ. ಇಷ್ಟು ಹುಷಾರಾದ ನೀವು, ನಿಮ್ಮ ಜಮೀನಿನ ಕಾಗದದ ಮೇಲೆ ನೋಟರಿ ಒತ್ತಿದ ಗುಂಡು ಸೀಲಿನಲ್ಲಿ ಏನು ಬರೆದಿದೆ ಅಂತ ಎಂದಾದರೂ ಓದಿದ್ದೀರಾ?

ಓದಿಲ್ಲ. ನಾವೂ ಬಹಳ ಕಾಲ ಓದಿರಲಿಲ್ಲ. ಕೋರ್ಟಿನ ಕಾಂಪೌಂಡಿನ ಹೊರಗೆ ಟೈಪಿಂಗ್ ಅಂಗಡಿಯಲ್ಲಿ ಕಾಗದ ಟೈಪ್ ಮಾಡಿಸುವುದು, ಅಂಗಡಿಯ ಹುಡುಗ ತೋರಿಸಿದ ಕಡೆ ಸಹಿ ಹಾಕುವುದು, ಆತ ಕಾಗದ ತೆಗೆದುಕೊಂಡು ಎಲ್ಲಿಗೋ ಹೋಗಿ ಹತ್ತು ನಿಮಿಷದಲ್ಲಿ ನೇರಳೆ ಬಣ್ಣದ ಮುದ್ರೆ ಒತ್ತಿಸಿಕೊಂಡು ಬರುವುದು, ನಾವು ದುಡ್ಡು ಕೊಟ್ಟು ಬಸ್ಸು ಹಿಡಿಯುವುದು. ಇಷ್ಟೇ ನಮಗೆ ಗೊತ್ತಿದ್ದದ್ದು. ಸೀಲು ಬಿತ್ತು ಅಂದರೆ ಕೆಲಸ ಆಯಿತು ಅಂತ ಲೆಕ್ಕ.

ಈಚೆಗೆ ಒಬ್ಬ ರೈತರು ನಮ್ಮ ಕಚೇರಿಗೆ ಬಂದರು. ವಯಸ್ಸು ಮೂವತ್ತೈದರ ಆಸುಪಾಸು. ಕೈಯಲ್ಲಿ ಕೋರ್ಟಿನ ಸಮನ್ಸು, ಜತೆಗೆ ಒಂದು ಕರಾರು ಪತ್ರದ ಜೆರಾಕ್ಸು.

'ಅಣ್ಣಾ, ನಮ್ಮಪ್ಪ ಜಮೀನು ಮಾರಕ್ಕೆ ಒಪ್ಪಿ ಅಡ್ವಾನ್ಸ್ ಈಸ್ಕೊಂಡಿದ್ರಂತೆ. ಈಗ ನಾವು ಕ್ರಯ ಮಾಡ್ಕೊಡ್ಬೇಕಂತೆ. ನಮ್ಗೆ ಈ ವಿಷ್ಯಾನೇ ಗೊತ್ತಿಲ್ಲ' ಎಂದರು.

ಕಾಗದ ನೋಡಿದೆವು. 2 ಎಕರೆ 10 ಗುಂಟೆ. ಮುಂಗಡ 6 ಲಕ್ಷ ಸಂದಾಯವಾಗಿದೆ, ಪೋಡಿ ಆದ ನಂತರ ಕ್ರಯಪತ್ರ ಮಾಡಿಕೊಡತಕ್ಕದ್ದು ಎಂದು ಬರೆದಿದೆ. ತಾರೀಖು 2017ರ ಜೂನ್. ಇ-ಸ್ಟಾಂಪ್ ಕಾಗದ ಅಸಲಿಯೇ, 2017ರಲ್ಲಿ ತಂದದ್ದೇ, ಅಪ್ಪನ ಹೆಸರೂ ಅದರಲ್ಲಿದೆ.

'ಹೆಬ್ಬೆಟ್ಟು ನಿಮ್ಮಪ್ಪಂದೇನಾ?' ಎಂದು ಕೇಳಿದೆವು.

'ಅಪ್ಪಂದೇ ಇರ್ಬೇಕಣ್ಣಾ. ಬೋರು ಕೊರೆಸಿದಾಗ ಸಾವ್ಕಾರ್ರ ಹತ್ರ ಎಂಬತ್ತು ಸಾವಿರ ತಂದಿದ್ರು, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಆವಾಗ ಒಂದು ಖಾಲಿ ಕಾಗ್ದಕ್ಕೆ ಒತ್ತಿಸ್ಕೊಂಡಿದ್ರು. ಸಾಲ ತೀರಿದ್ ಮೇಲೆ ವಾಪಸ್ ಕೊಡ್ತೀನಿ ಅಂದಿದ್ರು.'

ಅಪ್ಪ 2019ರಲ್ಲಿ ತೀರಿಕೊಂಡರು. ಇನ್ನು ಹೇಳುವವರು ಯಾರು? ಕಾಗದ ಅಸಲಿ, ಹೆಬ್ಬೆಟ್ಟು ಅಸಲಿ, ತಾರೀಖಿಗೆ ಇ-ಸ್ಟಾಂಪೇ ಸಾಕ್ಷಿ. ಎದುರು ಕಡೆಯ ವಕೀಲರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

ನಮ್ಮ ಜತೆಗಿದ್ದ ಹಿರಿಯರೊಬ್ಬರು, ಹಿಂದೆ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು, ಭೂತಗನ್ನಡಿ ತರಿಸಿದರು. ಕೊನೆಯ ಹಾಳೆಯ ಗುಂಡು ಸೀಲಿನ ಮೇಲೆ ಹಿಡಿದರು. ನೋಟರಿಯ ಹೆಸರು, ಊರು, ನೋಂದಣಿ ನಂಬರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನೋಟರಿಯ ಸನದಿನ ಅವಧಿ ಮುಗಿಯುವ ತಾರೀಖು. 2025ರ ಆಗಸ್ಟ್.

'ಎಣಿಸ್ರಪ್ಪಾ' ಎಂದರು ಅವರು.

ಎಣಿಸಿದೆವು. ನೋಟರಿಗೆ ಸರ್ಕಾರ ಕೊಡುವ ಸನದು, ಅಂದರೆ ವೃತ್ತಿ ನಡೆಸುವ ಸರ್ಟಿಫಿಕೇಟು, ಒಂದು ಸಲಕ್ಕೆ ಐದು ವರ್ಷ ಮಾತ್ರ. ಮೊದಲು ಮೂರು ವರ್ಷ ಇತ್ತು, 1999ರ ತಿದ್ದುಪಡಿಯಲ್ಲಿ ಐದು ಮಾಡಿದರು. 2025ರ ಆಗಸ್ಟಿಗೆ ಮುಗಿಯುವ ಸನದು ಶುರುವಾಗುವುದು 2020ರಲ್ಲಿ. ನವೀಕರಣ ಕೆಲವು ತಿಂಗಳು ಮುಂಚೆಯೇ ಕೈಗೆ ಬಂತು ಅಂತಲೇ ಇಟ್ಟುಕೊಳ್ಳಿ. ಆದರೂ 2017ರಲ್ಲಿ ಆ ತಾರೀಖು ಕೆತ್ತಿದ ಸೀಲು ಈ ಭೂಮಿಯ ಮೇಲೆ ಇರಲು ಸಾಧ್ಯವೇ ಇಲ್ಲ. ಸೀಲು ಬಿದ್ದದ್ದು ಅಪ್ಪ ಸತ್ತ ಮೇಲೆ. ಆದರೆ ಸೀಲಿನ ಪಕ್ಕದಲ್ಲಿ 'ನನ್ನ ಸಮಕ್ಷಮ ಸಹಿ ಮಾಡಲಾಗಿದೆ' ಎಂದು ಬರೆದಿದೆ. ಸತ್ತವರು ಎದ್ದು ಬಂದು ನೋಟರಿಯ ಸಮಕ್ಷಮ ಹೆಬ್ಬೆಟ್ಟು ಒತ್ತಿದರೆಂದು ಆಯಿತು!

ಸಾಹುಕಾರರು ಎಲ್ಲ ನೋಡಿಕೊಂಡಿದ್ದರು. ಕಾಗದ ಹಳೆಯದು ಇಟ್ಟಿದ್ದರು, ಟೈಪ್ ಮಾಡುವಾಗ ಹಳೆ ತಾರೀಖು ಹಾಕಿಸಿದ್ದರು. ಸೀಲನ್ನು ಮಾತ್ರ ಓದಿರಲಿಲ್ಲ. ಈ ಒಂದು ವಿಷಯದಲ್ಲಿ ಅವರೂ ನಮ್ಮ ಹಾಗೆಯೇ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮ ದೇಶದ ನೋಟರಿ ಕಾಯಿದೆ 1952ರದ್ದು, ಅದರ ನಿಯಮಗಳು 1956ರವು. (ಅದಕ್ಕೆ ಮುಂಚೆ ಇಲ್ಲಿ ನೋಟರಿಯಾಗುವುದಕ್ಕೆ ಇಂಗ್ಲೆಂಡಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಅಧೀನದ ಕಚೇರಿಯಿಂದ ಸನದು ತರುವ ಪದ್ಧತಿ ಇತ್ತು. ಪಾದ್ರಿಗಳ ಅಪ್ಪಣೆ ಇಲ್ಲದೆ ನಮ್ಮ ಕಾಗದಕ್ಕೆ ಬೆಲೆ ಇರಲಿಲ್ಲ ಅನ್ನಿ.) ಕಾಯಿದೆಯ 7ನೇ ಕಲಮಿನ ಪ್ರಕಾರ ಪ್ರತಿಯೊಬ್ಬ ನೋಟರಿಯೂ ಗೊತ್ತುಮಾಡಿದ ನಮೂನೆಯ ಸೀಲನ್ನೇ ಬಳಸಬೇಕು. ಆ ನಮೂನೆ ಏನೆಂದು 12ನೇ ನಿಯಮದಲ್ಲಿದೆ. ಅಲಂಕಾರವಿಲ್ಲದ ಗುಂಡು ಸೀಲು, ಅಡ್ಡಳತೆ 5 ಸೆಂಟಿಮೀಟರು. ಅಂದರೆ ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದ ಉದ್ದ. ಅದರೊಳಗೆ ನೋಟರಿಯ ಹೆಸರು, ಅವರು ಕೆಲಸ ಮಾಡಬೇಕಾದ ಪ್ರದೇಶ, ನೋಂದಣಿ ಸಂಖ್ಯೆ, ನೋಟರಿ ಎಂಬ ಪದ, ಅವರನ್ನು ನೇಮಿಸಿದ ಸರ್ಕಾರ ಯಾವುದೆಂಬುದು. ಇಷ್ಟೂ ಇರಬೇಕು.

ಸರ್ಕಾರ ಯಾವುದು ಎಂದರೆ, ನೋಟರಿಗಳನ್ನು ಕೇಂದ್ರ ಸರ್ಕಾರವೂ ನೇಮಿಸುತ್ತದೆ, ರಾಜ್ಯ ಸರ್ಕಾರವೂ ನೇಮಿಸುತ್ತದೆ. ಎರಡಕ್ಕೂ ಬೇರೆ ಬೇರೆ ರಿಜಿಸ್ಟರು, ಬೇರೆ ಬೇರೆ ನಂಬರು. ಸೀಲಿನಲ್ಲಿ ಸರ್ಕಾರದ ಹೆಸರೇ ಇಲ್ಲದಿದ್ದರೆ ನಾಳೆ ಆ ನಂಬರನ್ನು ಯಾವ ರಿಜಿಸ್ಟರಿನಲ್ಲಿ ಹುಡುಕುತ್ತೀರಿ?

ಪ್ರದೇಶದ ವಿಷಯದಲ್ಲಿ ಹಲವರಿಗೆ ಗೊಂದಲವಿದೆ. ನೀವು ಪಕ್ಕದ ತಾಲ್ಲೂಕಿನವರಾದರೆ ಈ ನೋಟರಿಯ ಹತ್ತಿರ ಹೋಗಬಾರದು ಅಂತಲ್ಲ. ನೀವು ಯಾವ ಊರಿನವರಾದರೂ ಆಗಬಹುದು. ಅವರು ಕೂತು ಮುದ್ರೆ ಒತ್ತಿದ ಜಾಗ ಅವರ ಪ್ರದೇಶದೊಳಗೆ ಇರಬೇಕು, ಅಷ್ಟೆ. ಸೀಲಿನಲ್ಲಿ ಒಂದು ಜಿಲ್ಲೆಯ ಹೆಸರು, ಕಾಗದದಲ್ಲಿ 'ಸ್ಥಳ' ಎಂಬ ಕಡೆ ಇನ್ನೊಂದು ಜಿಲ್ಲೆಯ ಊರು ಇದ್ದರೆ ಯಾಕೆ ಅಂತ ಕೇಳಿ. ಬ್ಯಾಂಕಿನವರು ಸಾಲ ಕೊಡುವ ದಿನ ಕೇಳುತ್ತಾರೆ. ಅದಕ್ಕಿಂತ ಮುಂಚೆ ನೀವು ಕೇಳುವುದು ಒಳ್ಳೆಯದು.

ಸನದು ಮುಗಿಯುವ ತಾರೀಖನ್ನು ಸೀಲಿನಲ್ಲಿ ಹಾಕಲೇಬೇಕು ಅಂತ 12ನೇ ನಿಯಮದಲ್ಲಿಲ್ಲ. ಕೆಲವರು ಹಾಕುತ್ತಾರೆ, ಕೆಲವರು ಪಕ್ಕದಲ್ಲಿ ಬೇರೆ ಉದ್ದ ಸೀಲಿನಲ್ಲಿ ಹಾಕುತ್ತಾರೆ, ಕೆಲವರು ಹಾಕುವುದೇ ಇಲ್ಲ. ಹಾಕದಿದ್ದ ಮಾತ್ರಕ್ಕೆ ಕಳ್ಳ ಸೀಲು ಅನ್ನಲಾಗದು. ಆದರೆ ಹಾಕಿದ್ದರೆ ನೋಡಿ. ನಿಮ್ಮ ಕಾಗದದ ತಾರೀಖಿಗಿಂತ ಮುಂಚೆಯೇ ಅದು ಮುಗಿದಿದ್ದರೆ ನವೀಕರಣ ಆಗಿದೆಯೇ ಎಂದು ಕೇಳಿ, ಸರ್ಟಿಫಿಕೇಟು ತೋರಿಸಿ ಅನ್ನಿ. ಐದು ವರ್ಷಕ್ಕಿಂತ ಬಹಳ ದೂರದ ತಾರೀಖು ಇದ್ದರೆ ಮೇಲೆ ಹೇಳಿದ ಕಥೆ ಜ್ಞಾಪಿಸಿಕೊಳ್ಳಿ. ಹಾಕದೆ ಇದ್ದರೆ, ಕೆಳಗೆ ಕೈಯಲ್ಲಾದರೂ ಬರೆದುಕೊಡಿ ಸ್ವಾಮಿ ಎಂದು ಮರ್ಯಾದೆಯಿಂದ ಕೇಳಿ. ಕೇಳುವುದಕ್ಕೆ ಸಂಕೋಚ ಯಾಕೆ? ನೀವು ಫೀಸು ಕೊಟ್ಟಿದ್ದೀರಿ.

ಫೀಸು ಅಂದ ಮೇಲೆ ಇನ್ನೊಂದು ಮಾತು. ಫೀಸಿನ ದರದ ಬೋರ್ಡು ನೋಟರಿಯ ಕಚೇರಿಯಲ್ಲಿ ಕಾಣುವಂತೆ ಇರಬೇಕು, ತೆಗೆದುಕೊಂಡ ಫೀಸಿಗೆ ರಸೀದಿ ಕೊಡಬೇಕು. ಇದೂ ನಿಯಮವೇ. ರಸೀದಿ ಕೊಟ್ಟ ನೋಟರಿಯನ್ನು ಕಂಡವರು ನಮಗೆ ಪತ್ರ ಬರೆಯಿರಿ, ಅಂಥವರ ಹೆಸರನ್ನು ಸಂತೋಷದಿಂದ ಪ್ರಕಟಿಸುತ್ತೇವೆ.

ರಸೀದಿಗಿಂತಲೂ ಮುಖ್ಯವಾದದ್ದು ನೋಟರಿಯ ರಿಜಿಸ್ಟರು. ಮಾಡಿದ ಪ್ರತಿಯೊಂದು ಕೆಲಸವನ್ನೂ ಅವರು ಆ ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ ಬರೆಯಬೇಕು. ತಾರೀಖು, ಬರೆದುಕೊಟ್ಟವರ ಹೆಸರು ವಿಳಾಸ, ಕಾಗದ ಎಂಥದ್ದು, ಫೀಸು ಎಷ್ಟು ಎಂಬುದೆಲ್ಲ ಅದರಲ್ಲಿರಬೇಕು. ನಿಮ್ಮ ಸಹಿಯೂ ಅದರಲ್ಲಿ ಬೀಳಬೇಕು. ಆ ಕ್ರಮಸಂಖ್ಯೆಯನ್ನು ನಿಮ್ಮ ಕಾಗದದ ಮೇಲೆ, ಸೀಲಿನ ಹತ್ತಿರ ಬರೆಸಿಕೊಳ್ಳಿ. ಸೀಲನ್ನು ಯಾವ ರಬ್ಬರ್ ಸ್ಟಾಂಪಿನ ಅಂಗಡಿಯವನೂ ಒಂದು ಗಂಟೆಯಲ್ಲಿ ಕೆತ್ತಿಕೊಡುತ್ತಾನೆ. ಆದರೆ ಸಾಲಾಗಿ ಬರೆದ ರಿಜಿಸ್ಟರಿನ ಮಧ್ಯೆ 2017ರ ಒಂದು ಸಾಲನ್ನು ಹೊಸದಾಗಿ ತೂರಿಸುವುದು ಅಷ್ಟು ಸುಲಭವಲ್ಲ. ಜಗಳ ಕೋರ್ಟಿಗೆ ಹೋದಾಗ ಕೋರ್ಟು ಆ ಪುಸ್ತಕವನ್ನೇ ತರಿಸಿ ನೋಡಬಹುದು. ಕ್ರಮಸಂಖ್ಯೆ ಇಲ್ಲದ ಸೀಲು ನಮ್ಮ ದೃಷ್ಟಿಯಲ್ಲಿ ಕಿವಿಯೋಲೆ ಇಲ್ಲದ ವಿಮೆ ಹಸು ಇದ್ದಂತೆ. ಸತ್ತಾಗ ಯಾವ ಹಸು ಅಂತ ಕೇಳುತ್ತಾರೆ.

ಎಲ್ಲ ನೋಟರಿಗಳೂ ಹೀಗೆ ಎಂದು ನಾವು ಹೇಳುತ್ತಿಲ್ಲ. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿದವರು, ಹೆಂಗಸರು ಮತ್ತು ಹಿಂದುಳಿದ, ಪರಿಶಿಷ್ಟ ವರ್ಗದವರಾದರೆ ಏಳು ವರ್ಷ ಮಾಡಿದವರು, ನೋಟರಿಯಾಗುತ್ತಾರೆ. ಕಾಗದ ಪೂರ್ತಿ ಓದಿ ಹೇಳಿ, 'ಯಜಮಾನರೇ, ಇದು ನಿಮಗೆ ಒಪ್ಪಿಗೆಯೇ' ಎಂದು ಎರಡು ಸಲ ಕೇಳಿದ ಮೇಲೆ ಸೀಲು ಒತ್ತುವವರನ್ನು ನಾವು ಬಲ್ಲೆವು. ನಮ್ಮ ಸಿಟ್ಟು ಇರುವುದು ಸೀಲನ್ನು ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಹೋಗುವವರ ಮೇಲೆ. ನಿಮ್ಮ ಮೇಲೂ ಸ್ವಲ್ಪ ಇದೆ. ನೋಟರಿಯ ಮುಖ ನೋಡದೆ ಸೀಲು ತರಿಸಿಕೊಂಡವರು ನೀವೇ ಅಲ್ಲವೇ? ನಿಮಗೆ ಬೇಕಾದಾಗ ನೀವಿಲ್ಲದೆ ಸೀಲು ಬೀಳುತ್ತದೆ ಎಂದರೆ, ಸಾಹುಕಾರರಿಗೆ ಬೇಕಾದಾಗಲೂ ನೀವಿಲ್ಲದೆಯೇ ಬೀಳುತ್ತದೆ.

ಇಲ್ಲಿ ಸಾಲದ ಮಾತು ಬರುತ್ತದೆ. ಸಾಲ ಕೊಡುವವರು ಸಾಲದ ಪತ್ರ ಬರೆಸುವುದನ್ನು ಯಾಕೆ ಬಿಟ್ಟರು, ಕ್ರಯದ ಕರಾರು ಯಾಕೆ ಬರೆಸುತ್ತಾರೆ, ಯೋಚನೆ ಮಾಡಿ. ಕರ್ನಾಟಕದಲ್ಲಿ 1961ರಿಂದ ಲೇವಾದೇವಿದಾರರ ಕಾಯಿದೆ ಇದೆ, ಲೈಸೆನ್ಸ್ ಇಲ್ಲದೆ ಲೇವಾದೇವಿ ನಡೆಸುವ ಹಾಗಿಲ್ಲ. 2004ರಲ್ಲಿ ಮಿತಿಮೀರಿದ ಬಡ್ಡಿ ನಿಷೇಧದ ಕಾಯಿದೆ ಬಂತು. ಸಣ್ಣ ಸಾಲದ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು, ಆಮೇಲೆ ಅದನ್ನೇ ಕಾಯಿದೆ ಮಾಡಿತು. ಇಷ್ಟೆಲ್ಲ ಕಾಯಿದೆಗಳು ಸಾಲಗಾರನನ್ನು ಕಾಯುವುದಕ್ಕೆ ಇವೆ. ಆದರೆ ಕಾಗದದಲ್ಲಿ ನೀವು ಸಾಲಗಾರರೇ ಅಲ್ಲವಲ್ಲ! ನೀವು ಜಮೀನು ಮಾರಲು ಒಪ್ಪಿ 6 ಲಕ್ಷ ತೆಗೆದುಕೊಂಡು ಈಗ ಮಾತು ತಪ್ಪಿದವರು. ಬಡ್ಡಿ ಎಂಬ ಪದವೇ ಕಾಗದದಲ್ಲಿಲ್ಲ. ಯಾವ ಕಾಯಿದೆ ನಿಮ್ಮ ಮನೆಯ ಬಾಗಿಲಿಗೆ ಬರಬೇಕು? ಈ ವೇಷ ಬದಲಾವಣೆಗೆ ಕೊನೆಯ ಬಣ್ಣ ಹಚ್ಚುವುದೇ ಆ ನೇರಳೆ ಸೀಲು.

ಅದಕ್ಕೇ ಸೀಲಿಗೆ ಎಷ್ಟು ಬೆಲೆ ಇದೆ, ಎಷ್ಟಿಲ್ಲ ಎಂದು ತಿಳಿದಿರಬೇಕು. ಅಫಿಡವಿಟ್ಟಿನ ಮೇಲೆ ಸೀಲು ಬಿದ್ದರೆ, ಇವರು ನನ್ನೆದುರು ಪ್ರಮಾಣ ಮಾಡಿ ಸಹಿ ಹಾಕಿದರು ಎಂದಷ್ಟೇ ಅರ್ಥ. ಒಳಗೆ ಬರೆದದ್ದೆಲ್ಲ ನಿಜ ಅಂತಲ್ಲ. ಪೌತಿ ಖಾತೆಗೆ ಕೊಡುವ ವಂಶವೃಕ್ಷದ ಅಫಿಡವಿಟ್ಟಿನಲ್ಲಿ ತಂಗಿಯ ಹೆಸರು ಬಿಟ್ಟು ಸೀಲು ಹಾಕಿಸಿದ ಮಾತ್ರಕ್ಕೆ ತಂಗಿಯ ಪಾಲು ಹೋಗುವುದಿಲ್ಲ, ಸುಳ್ಳು ಪ್ರಮಾಣದ ಕೇಸು ನಿಮ್ಮ ಮೇಲೇ ಬರುತ್ತದೆ. ಇನ್ನು ಜಮೀನಿನ ಕ್ರಯ. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, 1908ರ ನೋಂದಣಿ ಕಾಯಿದೆ ಇದನ್ನೇ ಹೇಳುತ್ತದೆ. ಕರಾರು ಪತ್ರ, ಜಿ.ಪಿ.ಎ. ಇಟ್ಟುಕೊಂಡು ಜಮೀನು ನನ್ನದಾಯಿತು ಅನ್ನುವ ಹಾಗಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. 'ನೋಟರಿ ಕ್ರಯ' ಅಂತ ಯಾರಾದರೂ ನಿಮಗೆ ಅಗ್ಗದಲ್ಲಿ ಜಮೀನು ತೋರಿಸಿದರೆ ನೀವು ದುಡ್ಡು ಕೊಟ್ಟು ಕೊಳ್ಳುವುದು ಒಂದು ಕಾಗದವನ್ನು ಮಾತ್ರ. ಪಹಣಿಯಲ್ಲಿ ಹೆಸರು ಬರುವುದಿಲ್ಲ.

ಹಾಗಂತ ಸೀಲು ಬರೀ ಬಣ್ಣವೂ ಅಲ್ಲ. ಅಧಿಕಾರ ಪತ್ರಕ್ಕೆ, ಅಂದರೆ ಪವರ್ ಆಫ್ ಅಟಾರ್ನಿಗೆ ನೋಟರಿಯ ದೃಢೀಕರಣ ಇದ್ದರೆ ಅದು ಸರಿಯಾಗಿ ಬರೆದುಕೊಟ್ಟದ್ದೇ ಎಂದು ಕೋರ್ಟು ಭಾವಿಸಬೇಕು. ಹಳೆಯ ಸಾಕ್ಷ್ಯ ಕಾಯಿದೆಯ 85ನೇ ಕಲಂ ಹೀಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಅದನ್ನು ಉಳಿಸಿಕೊಂಡಿದ್ದಾರೆ. ಅಲ್ಲ ಅನ್ನುವವರು ಅಲ್ಲವೆಂದು ತೋರಿಸಬೇಕು. ಆ ಭಾರ ನಿಮ್ಮ ತಲೆಯ ಮೇಲೆ ಬಿದ್ದ ದಿನ, ಸೀಲಿನೊಳಗಿನ ಒಂದು ತಪ್ಪು ನಂಬರು, ಹೊಂದದ ಒಂದು ತಾರೀಖು ನಿಮ್ಮ ಕೈಗೆ ಸಿಗುವ ಮೊದಲ ಸಾಕ್ಷಿ. ಕಾಗದ ನಿಮ್ಮದೇ ಆಗಿದ್ದು, ಅದರ ಸೀಲಿನಲ್ಲಿ ತಪ್ಪಿದ್ದರೆ, ಅದೇ ತಪ್ಪು ಎದುರಾಳಿಯ ಕೈಗೆ ಸಿಕ್ಕ ದೊಣ್ಣೆ.

ನಂಬರು ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ ಎಂದು ಕೇಳುತ್ತೀರಿ. ಪ್ರತಿ ವರ್ಷ ಜನವರಿಯಲ್ಲಿ ನೋಟರಿಗಳ ಪಟ್ಟಿಯನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬೇಕೆಂದು ಕಾಯಿದೆಯ 6ನೇ ಕಲಂ ಹೇಳುತ್ತದೆ. ಕೇಂದ್ರದ ನೋಟರಿಗಳ ಕೆಲಸಕ್ಕಾಗಿ ಕೇಂದ್ರ ಕಾನೂನು ಇಲಾಖೆ 2024ರ ಸೆಪ್ಟೆಂಬರಿನಲ್ಲಿ ಒಂದು ನೋಟರಿ ಪೋರ್ಟಲ್ಲನ್ನೂ ತೆರೆದಿದೆ. ಇದೆಲ್ಲ ಹುಡುಕಲು ಆಗದವರು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಫೀಸು ಕಟ್ಟಿ ರಾಜ್ಯದ ಕಾನೂನು ಇಲಾಖೆಗೆ ಒಂದು ಅರ್ಜಿ ಹಾಕಿ. 'ಇಂಥ ನೋಂದಣಿ ನಂಬರಿನ ನೋಟರಿ ಯಾರು, ಇಂಥ ತಾರೀಖಿನಂದು ಅವರ ಸನದು ಚಾಲ್ತಿಯಲ್ಲಿತ್ತೆ, ಅವರ ಪ್ರದೇಶ ಯಾವುದು' ಎಂದು ಮೂರೇ ಸಾಲು ಕೇಳಿ. ಉದ್ದ ಬರೆಯಬೇಡಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಉದ್ದವಾಯಿತು ಅಂತಲೇ ವಾಪಸ್ಸು ಕಳಿಸುವ ಜಾಣರು ಕಚೇರಿಯಲ್ಲಿದ್ದಾರೆ. ಸೀಲಿನಲ್ಲಿ ಕೇಂದ್ರ ಸರ್ಕಾರ ಎಂದಿದ್ದರೆ ಅರ್ಜಿಯನ್ನು ದೆಹಲಿಗೆ ಕಳಿಸಬೇಕು. ನೋಟರಿಯೇ ತಪ್ಪು ಮಾಡಿದ್ದಾರೆಂದು ಖಚಿತವಾದರೆ 13ನೇ ನಿಯಮದ ಪ್ರಕಾರ ಸರ್ಕಾರಕ್ಕೆ ದೂರು ಕೊಡಬಹುದು, ವಿಚಾರಣೆ ನಡೆಸಿ ಅವರ ಹೆಸರನ್ನು ರಿಜಿಸ್ಟರಿನಿಂದ ತೆಗೆಯುವ ಅಧಿಕಾರ ಸರ್ಕಾರಕ್ಕೆ ಇದೆ.

ಈ ತಿಂಗಳು ನೀವು ಒಂದು ಕೆಲಸ ಮಾಡಿ. ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿ. ಗುತ್ತಿಗೆ ಕರಾರು, ಭಾಗಪತ್ರದ ಕರಡು, ಬ್ಯಾಂಕಿಗೆ ಕೊಟ್ಟ ಅಫಿಡವಿಟ್ಟಿನ ನಕಲು, ಯಾವುದರ ಮೇಲೆ ಗುಂಡು ಸೀಲು ಇದೆಯೋ ಅದನ್ನೆಲ್ಲ ಹೊರಗೆ ತೆಗೆಯಿರಿ. ಹೈಸ್ಕೂಲಿಗೆ ಹೋಗುವ ಮಗಳನ್ನು ಕೂರಿಸಿಕೊಂಡು ಓದಿಸಿ. ಹೆಸರು, ಪ್ರದೇಶ, ನಂಬರು, ಸರ್ಕಾರ, ತಾರೀಖು. ಅರ್ಧ ಮಾತ್ರ ಮೂಡಿದ ಸೀಲು, ಇಂಕು ಹರಡಿ ನಂಬರು ಕಾಣದ ಸೀಲು ಇದ್ದರೆ, ಆ ಕಾಗದ ಮುಂದೆ ಬೇಕಾಗುವಂಥದ್ದಾದರೆ, ಬರೆದುಕೊಟ್ಟವರು ಬದುಕಿರುವಾಗಲೇ ಇನ್ನೊಂದು ಮಾಡಿಸಿಕೊಳ್ಳಿ. ಹಾಗೆಯೇ ಯಾರ ಹತ್ತಿರ ಖಾಲಿ ಕಾಗದಕ್ಕೆ ಸಹಿ ಮಾಡಿ ಕೊಟ್ಟಿದ್ದೀರಿ ಎಂದು ನೆನಪು ಮಾಡಿಕೊಂಡು, ಆ ಲೆಕ್ಕವನ್ನು ಮನೆಯವರಿಗೆ ಹೇಳಿ, ಒಂದು ಪುಸ್ತಕದಲ್ಲಿ ಬರೆದಿಡಿ. ನಾವು ಹೇಳಿದ ಆ ರೈತರ ತಂದೆ ಮಗನಿಗೆ ಒಂದು ಮಾತು ಹೇಳಿದ್ದರಿಂದಲೇ ಆ ಖಾಲಿ ಕಾಗದದ ವಿಷಯ ನಮಗೆ ತಿಳಿಯಿತು.

ಅವರ ಕೇಸು ನಡೆಯುತ್ತಿದೆ. ಆ ನೋಟರಿಯ 2017ನೇ ಸಾಲಿನ ರಿಜಿಸ್ಟರನ್ನು ಕೋರ್ಟಿಗೆ ತರಿಸಬೇಕೆಂದು ಅವರ ವಕೀಲರು ಅರ್ಜಿ ಹಾಕಿದ್ದಾರೆ. ಎದುರು ಕಡೆಯವರು ತಕರಾರು ಸಲ್ಲಿಸಲು ವಾಯಿದೆ ಕೇಳಿದ್ದಾರೆ. ರಿಜಿಸ್ಟರು ಬಂದು, ಅದರಲ್ಲಿ ಏನಿದೆ ಎಂದು ತಿಳಿದ ಮೇಲೆ ಇದೇ ಪುಟದಲ್ಲಿ ನಿಮಗೆ ತಿಳಿಸುತ್ತೇವೆ.